ಪಾಸ್‌ಬುಕ್ಕಿಗೆ ಯಾವ ಹೆಸರು?

ತೆಂಗಿನ ಸೀಮೆಯ ಜನ ಅವಸರದವರಲ್ಲ. ಕಿತ್ತ ಕಾಯಿಯನ್ನು ಅಟ್ಟಕ್ಕೆ ಹಾಕಿದರೆ ಹತ್ತು ಹನ್ನೊಂದು ತಿಂಗಳು ಅದರ ತಂಟೆಗೆ ಹೋಗುವುದಿಲ್ಲ. ಒಳಗಿನ ನೀರು ತಾನಾಗಿ ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗಡಗಡ ಎನ್ನಬೇಕು. ಆಮೇಲೆ ಸುಲಿಯುವ ಮಾತು. ಆದರೆ ಇದೇ ಜನ ಮಗನಿಗೋ ಮಗಳಿಗೋ ಬ್ಯಾಂಕ್ ಖಾತೆ ತೆಗೆಸುವ ಹೊತ್ತಿಗೆ ಮಾತ್ರ ಎಲ್ಲಿಲ್ಲದ ಆತುರಕ್ಕೆ ಬೀಳುತ್ತಾರೆ. ‘ನಾಳೆ ಸ್ಕೂಲಿಗೆ ಪಾಸ್‌ಬುಕ್ ಜೆರಾಕ್ಸ್ ಕೊಡ್ಬೇಕಂತೆ’ ಎಂದು ಮಗಳು ಸಂಜೆ ಹೇಳಿದರೆ, ಬೆಳಿಗ್ಗೆ ತೋಟದ ಕೆಲಸ ಬಿಟ್ಟು ಅಪ್ಪ ತಿಪಟೂರಿನ ಬಸ್ಸು ಹತ್ತಿರುತ್ತಾರೆ. ಕೈಯಲ್ಲೊಂದು ಪ್ಲಾಸ್ಟಿಕ್ ಕವರು. ಅದರೊಳಗೆ ಮನೆಯವರೆಲ್ಲರ ಆಧಾರ್, ರೇಷನ್ ಕಾರ್ಡು, ಪಹಣಿ, ಎರಡು ಫೋಟೊ. ‘ಯಾವ್ದು ಬೇಕೋ ತಗೊಳ್ಳಿ ಸ್ವಾಮಿ’ ಎಂದು ಕವರನ್ನೇ ಕೌಂಟರಿನ ಮೇಲಿಡುವವರೂ ಇದ್ದಾರೆ.

ಖಾತೆಯೇನೋ ಆಗುತ್ತದೆ. ಆದರೆ ಯಾವ ಹೆಸರಿನಲ್ಲಿ ಆಯಿತು, ಯಾವ ಜನ್ಮದಿನಾಂಕದಲ್ಲಿ ಆಯಿತು ಎಂಬುದನ್ನು ಅಂದು ಯಾರೂ ನೋಡುವುದಿಲ್ಲ. ನೋಡುವುದು ಹಣ ಬಾರದೆ ಹೋದಾಗ.

ಎಷ್ಟು ಹಣ ಎಂಬುದನ್ನು ಈ ಸೀಮೆಯ ಲೆಕ್ಕದಲ್ಲೇ ಹೇಳಬಹುದು. ಎಂಟನೆಯ ತರಗತಿಯಲ್ಲಿ ಎನ್‌ಎಂಎಂಎಸ್ ಪರೀಕ್ಷೆ ಬರೆದು ಆಯ್ಕೆಯಾದ ಸರ್ಕಾರಿ ಅಥವಾ ಅನುದಾನಿತ ಶಾಲೆಯ ಮಗುವಿಗೆ ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ ಬರುತ್ತದೆ. 2024ರ ಹಂಗಾಮಿನಲ್ಲಿ ಕೇಂದ್ರ ಸರ್ಕಾರ ಒಂದು ಕ್ವಿಂಟಲ್ ಉಂಡೆ ಕೊಬ್ಬರಿಗೆ ನಿಗದಿ ಮಾಡಿದ ಬೆಂಬಲ ಬೆಲೆಯೂ ಸರಿಯಾಗಿ 12,000 ರೂಪಾಯಿ. ಅಂದರೆ ಓದಿನಲ್ಲಿ ಚುರುಕಾದ ಒಂದು ಮಗು ನಾಲ್ಕು ವರ್ಷ, ವರ್ಷಕ್ಕೊಂದು ಕ್ವಿಂಟಲಿನಂತೆ ಕೊಬ್ಬರಿಯ ಹಣ ಮನೆಗೆ ತಂದಂತೆ. ಇದಲ್ಲದೆ ಮೆಟ್ರಿಕ್ ಪೂರ್ವ, ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಗಳಿವೆ. ಈ ಹಣವನ್ನು ಇಂದು ಶಾಲೆಯ ಮುಖ್ಯೋಪಾಧ್ಯಾಯರು ಎಣಿಸಿ ಕೈಗೆ ಕೊಡುವುದಿಲ್ಲ. ಅದು ನೇರವಾಗಿ ಖಾತೆಗೆ ಬರಬೇಕು. ಬರುವ ದಾರಿಯಲ್ಲಿ ಒಂದು ಅಕ್ಷರ ಹೆಚ್ಚು ಕಡಿಮೆಯಾದರೂ ಅಲ್ಲೇ ನಿಲ್ಲಬಹುದು.

ರುಜು ಹಾಕುತ್ತಿದ್ದ ಪರಿಚಯಸ್ಥರು

ಹಿಂದೆ ಹೀಗಿರಲಿಲ್ಲ. ಬ್ಯಾಂಕಿನಲ್ಲಿ ಆಗಲೇ ಖಾತೆ ಇದ್ದ ಒಬ್ಬರು ‘ಇವರು ನನಗೆ ಗೊತ್ತು’ ಎಂದು ಅರ್ಜಿಯ ಮೇಲೆ ರುಜು ಹಾಕಿದರೆ ಸಾಕಿತ್ತು. ಊರಿನ ಮೇಷ್ಟ್ರೋ, ಕೊಬ್ಬರಿ ಮಂಡಿಯವರೋ ಆ ಕೆಲಸ ಮಾಡುತ್ತಿದ್ದರು. ಮನುಷ್ಯನೇ ಮನುಷ್ಯನಿಗೆ ಗುರುತಿನ ಚೀಟಿ. 2002ರಲ್ಲಿ ರಿಸರ್ವ್ ಬ್ಯಾಂಕ್ ‘ನಿಮ್ಮ ಗ್ರಾಹಕರನ್ನು ಅರಿಯಿರಿ’ ಎಂಬ ನಿಯಮಗಳನ್ನು ತಂದಿತು. 2005ರ ಜುಲೈಯಿಂದ ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯೂ ಜಾರಿಗೆ ಬಂತು. ಅಲ್ಲಿಂದ ಕಾಗದದ ಕಾಲ. ಕೆವೈಸಿ ಎಂಬ ಮೂರಕ್ಷರ ಈಗ ಹಳ್ಳಿಯ ಅಜ್ಜಿಯರ ಬಾಯಲ್ಲೂ ಇದೆ.

ರಿಸರ್ವ್ ಬ್ಯಾಂಕ್ ಒಪ್ಪುವ ಅಧಿಕೃತ ದಾಖಲೆಗಳು ಆರು: ಪಾಸ್‌ಪೋರ್ಟ್, ಚಾಲನಾ ಪರವಾನಗಿ, ಆಧಾರ್, ಮತದಾರರ ಗುರುತಿನ ಚೀಟಿ, ಉದ್ಯೋಗ ಖಾತ್ರಿಯ ಜಾಬ್ ಕಾರ್ಡ್, ರಾಷ್ಟ್ರೀಯ ಜನಸಂಖ್ಯಾ ನೋಂದಣಿಯ ಪತ್ರ. ಪಟ್ಟಿ ದೊಡ್ಡದಾಗಿಯೇ ಕಾಣುತ್ತದೆ. ಆದರೆ ಹದಿನಾಲ್ಕು ವರ್ಷದ ಹುಡುಗ ಇದರಲ್ಲಿ ಯಾವುದನ್ನು ಆರಿಸಿಕೊಂಡಾನು? ಮತದಾರರ ಪಟ್ಟಿಗೆ ಸೇರಲು 18 ತುಂಬಬೇಕು. ಗೇರ್ ಇರುವ ಬೈಕಿನ ಪರವಾನಗಿಗೂ ಅಷ್ಟೇ ವಯಸ್ಸು. ಜಾಬ್ ಕಾರ್ಡ್ ದುಡಿಯುವ ವಯಸ್ಕರದ್ದು. ಪಾಸ್‌ಪೋರ್ಟನ್ನು ಯಾವ ವಯಸ್ಸಿನಲ್ಲೂ ಮಾಡಿಸಬಹುದಾದರೂ ತುರುವೇಕೆರೆಯ ಕಡೆ ಎಷ್ಟು ಮನೆಗಳಲ್ಲಿ ಮಕ್ಕಳಿಗೆ ಪಾಸ್‌ಪೋರ್ಟ್ ಇದ್ದೀತು! ಕೊನೆಗೆ ಉಳಿಯುವುದು ಆಧಾರ್ ಒಂದೇ.

ರೇಷನ್ ಕಾರ್ಡು ಈ ಪಟ್ಟಿಯಲ್ಲಿಲ್ಲ ಎಂಬುದು ಅನೇಕರಿಗೆ ಆಶ್ಚರ್ಯ. ಪ್ಯಾನ್ ಕಾರ್ಡೂ ಇಲ್ಲ. ಅದು ತೆರಿಗೆಯ ಸಂಖ್ಯೆ, ವಿಳಾಸ ಹೇಳುವುದಿಲ್ಲ. ಬ್ಯಾಂಕು ಅದನ್ನು ಬೇರೆಯಾಗಿ ಕೇಳುತ್ತದೆ. ಮಗುವಿಗೆ ಪ್ಯಾನ್ ಇಲ್ಲದಿದ್ದರೆ ಅದಕ್ಕೆ ಬದಲು ಒಂದು ಘೋಷಣಾ ಪತ್ರಕ್ಕೆ ಸಹಿ ಹಾಕಿದರಾಯಿತು. ಖಾತೆಗೋಸ್ಕರ ಅವಸರದಲ್ಲಿ ಮಕ್ಕಳಿಗೆ ಪ್ಯಾನ್ ಮಾಡಿಸುವ ಅಗತ್ಯವಿಲ್ಲ. ಮಾಡಿಸಿದರೂ ಅದರಲ್ಲಿ ಮಗುವಿನ ಫೋಟೊ, ಸಹಿ ಇರುವುದಿಲ್ಲವಾದ್ದರಿಂದ 18 ತುಂಬಿದ ಮೇಲೆ ಮತ್ತೆ ತಿದ್ದಿಸಬೇಕು.

ಹಾಗಾದರೆ ಆಯ್ಕೆ ಎಲ್ಲಿ ಬಂತು? ಆಧಾರ್ ಕೊಟ್ಟು ಖಾತೆ ತೆಗೆದರೆ ಮುಗಿಯಿತಲ್ಲ ಎನ್ನಬಹುದು. ಆಯ್ಕೆ ಇರುವುದು ಆಧಾರ್‌ನ ಹಿಂದೆ. ಆಧಾರ್‌ನಲ್ಲಿರುವ ಹೆಸರು, ತಾರೀಖು ಯಾವ ಕಾಗದದಿಂದ ಬಂದವು? ಮನೆಯಲ್ಲಿರುವ ಮೂರು ನಾಲ್ಕು ಕಾಗದಗಳಲ್ಲಿ ಯಾವುದನ್ನು ಮೂಲವೆಂದು ಹಿಡಿದು ಉಳಿದವನ್ನು ಅದಕ್ಕೆ ಹೊಂದಿಸಬೇಕು? ಮಗುವಿಗೆ 15 ತುಂಬುವ ಮೊದಲೇ ತೀರ್ಮಾನವಾಗಬೇಕಾದ ಪ್ರಶ್ನೆ ಇದು.

‘ಹೆಣ್ಣು ಮಗು’ ಎಂಬ ಹೆಸರಿನವಳು

ನೊಣವಿನಕೆರೆ ಹೋಬಳಿಯ ಯಾವುದೋ ಒಂದು ಹಳ್ಳಿಯ, ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳನ್ನು ಕಲ್ಪಿಸಿಕೊಳ್ಳಿ. ಚೊಚ್ಚಲ ಹೆರಿಗೆಗೆ ತಾಯಿ ತವರಿಗೆ ಹೋಗಿದ್ದರು; ತವರು ಅರಸೀಕೆರೆಯ ಕಡೆ. ಮಗು ಹುಟ್ಟಿದ್ದು ಅಲ್ಲಿನ ಆಸ್ಪತ್ರೆಯಲ್ಲಿ, ಜನನ ನೋಂದಣಿಯಾದದ್ದೂ ಅಲ್ಲೇ. ನಾಮಕರಣ ಆಗುವ ಮೊದಲೇ ನೋಂದಣಿಯಾದ್ದರಿಂದ ಪ್ರಮಾಣಪತ್ರದಲ್ಲಿ ಹೆಸರಿನ ಜಾಗ ಖಾಲಿ, ಲಿಂಗದ ಮುಂದೆ ‘ಹೆಣ್ಣು’ ಎಂದಷ್ಟೇ ಇದೆ. ಅಂಗನವಾಡಿಯಲ್ಲಿ ಮನೆದೇವರ ಹೆಸರು ಹೇಳಿದರು. ಒಂದನೆಯ ತರಗತಿಗೆ ಸೇರಿಸುವಾಗ ಚಿಕ್ಕಪ್ಪ ಹೋಗಿ ಮನೆಯಲ್ಲಿ ಕರೆಯುವ ಹೆಸರು ಬರೆಸಿದರು, ಮುಂದೆ ಎರಡು ಇನಿಷಿಯಲ್ ಸೇರಿಸಿದರು. ಆಧಾರ್ ಮಾಡಿಸುವಾಗ ಅಪ್ಪನ ಹೆಸರು ಇಡಿಯಾಗಿ ಅವಳ ಹೆಸರಿನ ಹಿಂದೆ ಸೇರಿಕೊಂಡಿತು. ಒಬ್ಬಳೇ ಹುಡುಗಿ, ಮೂರು ಕಾಗದ, ಮೂರು ಹೆಸರು. ‘ಎಲ್ಲಾ ಒಂದೇ ಅಲ್ವೇನವ್ವಾ, ಇಡೀ ಊರಿಗೇ ಗೊತ್ತು ನೀನು ಯಾರ ಮಗಳು ಅಂತ’ ಎನ್ನುತ್ತಾರೆ ಅಪ್ಪ. ಊರಿಗೆ ಗೊತ್ತು. ಕಂಪ್ಯೂಟರಿಗೆ ಗೊತ್ತಿಲ್ಲ.

ಇಂಥ ಮನೆ ಮೊದಲು ಹೋಗಬೇಕಾದದ್ದು ಬ್ಯಾಂಕಿಗಲ್ಲ, ಜನನ ನೋಂದಣಿಯಾದ ಕಚೇರಿಗೆ. ನೋಂದಣಿಯಾದ ಹನ್ನೆರಡು ತಿಂಗಳೊಳಗೆ ಮಗುವಿನ ಹೆಸರನ್ನು ಯಾವ ಶುಲ್ಕವೂ ಇಲ್ಲದೆ ಸೇರಿಸಬಹುದು. ಆಮೇಲೂ ತಡ ಶುಲ್ಕ ಕೊಟ್ಟು ಸೇರಿಸಲು ಅವಕಾಶವಿದೆ. ಆದರೆ ನೋಂದಣಿಯಾದ ದಿನದಿಂದ 15 ವರ್ಷದವರೆಗೆ ಮಾತ್ರ. ಒಂಬತ್ತನೆಯ ತರಗತಿಯ ಮಗುವಿಗೆ ಆ ಬಾಗಿಲು ಮುಚ್ಚಲು ಉಳಿದಿರುವುದು ಹೆಚ್ಚೆಂದರೆ ವರ್ಷ, ಒಂದೂವರೆ ವರ್ಷ. ಈ ಒಂದು ವಿಷಯ ತಿಳಿಯದೆ ಕೈಚೆಲ್ಲಿದ ಕುಟುಂಬಗಳು ಎಷ್ಟೋ! ತಾಯಿಯ ತವರಿನ ಕಡೆ ಹೆರಿಗೆಯಾಗಿದ್ದರೆ ಅಲ್ಲಿಗೇ ಹೋಗಬೇಕು. ತಿಪಟೂರಿನ ಕಚೇರಿಯಲ್ಲಿ ಕೇಳಿದರೆ ‘ನಮ್ಮಲ್ಲಿಲ್ಲ’ ಎನ್ನುವುದು ಸಹಜ.

ಮನೆಯಲ್ಲೇ ಹೆರಿಗೆಯಾಗಿ ಜನನವೇ ನೋಂದಣಿಯಾಗಿಲ್ಲದಿದ್ದರೆ ದಾರಿ ಸ್ವಲ್ಪ ಉದ್ದ. ಒಂದು ವರ್ಷ ಮೀರಿದ ಜನನವನ್ನು ನೋಂದಾಯಿಸಲು ಹಿಂದೆ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್ ನ್ಯಾಯಾಲಯದ ಆದೇಶ ಬೇಕಿತ್ತು. 2023ರ ತಿದ್ದುಪಡಿಯ ನಂತರ ಆ ಅಧಿಕಾರ ಜಿಲ್ಲಾಧಿಕಾರಿ, ಉಪವಿಭಾಗಾಧಿಕಾರಿ ಅಥವಾ ಅಧಿಕಾರ ಪಡೆದ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಿಗೆ ಬಂದಿದೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಈ ಮೂರೂ ತಾಲ್ಲೂಕುಗಳ ಉಪವಿಭಾಗಾಧಿಕಾರಿ ಕಚೇರಿ ತಿಪಟೂರಿನಲ್ಲೇ ಇದೆ ಎಂಬುದು ಒಂದು ಸಮಾಧಾನ.

ಇದೇ 2023ರ ತಿದ್ದುಪಡಿಯ ಬಗ್ಗೆ ಒಂದು ಗೊಂದಲವೂ ಇದೆ. ‘ಇನ್ಮೇಲೆ ಎಲ್ಲದಕ್ಕೂ ಬರ್ತ್ ಸರ್ಟಿಫಿಕೇಟೇ ಅಂತೆ’ ಎಂಬ ಮಾತು ಅರ್ಧ ನಿಜ. 2023ರ ಅಕ್ಟೋಬರ್ 1 ಮತ್ತು ಅದರ ನಂತರ ಹುಟ್ಟಿದ ಮಕ್ಕಳಿಗೆ ಮಾತ್ರ ಜನನ ಪ್ರಮಾಣಪತ್ರವೊಂದೇ ಹುಟ್ಟಿದ ದಿನ ಹಾಗೂ ಸ್ಥಳಕ್ಕೆ ಆಧಾರ. ಈಗ ಹೈಸ್ಕೂಲಿನಲ್ಲಿರುವವರು ಅದಕ್ಕೆ ಮೊದಲು ಹುಟ್ಟಿದವರು. ಅವರ ಶಾಲಾ ದಾಖಲೆಗೂ ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೂ ಬೆಲೆಯಿದೆ. ಬೆಲೆ ಇದೆ ಎಂಬುದಕ್ಕೇ ಭಯ ಪಡಬೇಕು. ಅಂಕಪಟ್ಟಿಯಲ್ಲಿ ಒಮ್ಮೆ ಅಚ್ಚಾದ ತಪ್ಪು ಮುಂದೆ ಕಾಲೇಜು, ಕೆಲಸ, ಪಾಸ್‌ಪೋರ್ಟ್ ಎಲ್ಲದಕ್ಕೂ ಅಂಟಿಕೊಳ್ಳುತ್ತದೆ. ಅದನ್ನು ತಿದ್ದಿಸಲು ಶಾಲೆಯಿಂದ ಪರೀಕ್ಷಾ ಮಂಡಳಿಯವರೆಗೆ ಅಲೆಯಬೇಕು. ಜನ್ಮದಿನಾಂಕದ ತಪ್ಪಾದರೆ ಎಷ್ಟೋ ಸಲ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಬೇಕು. ಪರೀಕ್ಷೆಗೆ ಮೊದಲು ಹೆಸರು, ತಂದೆ ತಾಯಿಯರ ಹೆಸರು, ತಾರೀಖುಗಳನ್ನು ನೋಡಿ ಸರಿಯೆಂದು ಸಹಿ ಹಾಕಲು ಶಾಲೆಯಲ್ಲಿ ಹಾಳೆ ಕೊಡುತ್ತಾರಲ್ಲ, ಅದನ್ನು ಮಕ್ಕಳು ಗೆಳೆಯರ ಬೆನ್ನಿನ ಮೇಲಿಟ್ಟು ಗೀಚಿ ಕೊಡುವುದುಂಟು. ಆ ಹಾಳೆ ಒಂದು ರಾತ್ರಿಯ ಮಟ್ಟಿಗಾದರೂ ಮನೆಗೆ ಬರುವುದು ಒಳ್ಳೆಯದು.

ಇನಿಷಿಯಲ್ಲಿನ ಗೋಳು

ಇಂಗ್ಲಿಷಿನ ಅರ್ಜಿಗಳು ಮೊದಲ ಹೆಸರು, ನಡು ಹೆಸರು, ಕೊನೆಯ ಹೆಸರು ಎಂದು ಮೂರು ಮನೆ ಮಾಡಿರುತ್ತವೆ. ನಮ್ಮ ಹೆಸರುಗಳು ಆ ಮನೆಗಳಲ್ಲಿ ಹುಟ್ಟಿದವಲ್ಲ. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದವರೇ ಆದ ತೀ.ನಂ.ಶ್ರೀ. ಅವರನ್ನೇ ನೋಡಿ. ತೀರ್ಥಪುರ ಊರು, ನಂಜುಂಡಯ್ಯ ತಂದೆ, ಶ್ರೀಕಂಠಯ್ಯ ಅವರು. ‘ಭಾರತೀಯ ಕಾವ್ಯಮೀಮಾಂಸೆ’ ಬರೆದ ವಿದ್ವಾಂಸರು ಇಂದು ಆನ್‌ಲೈನ್ ಅರ್ಜಿ ತುಂಬಲು ಕುಳಿತಿದ್ದರೆ ‘ಮೊದಲ ಹೆಸರು’ ಎಂಬಲ್ಲಿ ಊರನ್ನು ಬರೆಯಬೇಕೋ ತಮ್ಮನ್ನು ಬರೆಯಬೇಕೋ ಎಂದು ಮೀಮಾಂಸೆ ಮಾಡಬೇಕಾಗುತ್ತಿತ್ತು.

ಇನಿಷಿಯಲ್ ಮುಂದಿರಲಿ, ಹಿಂದಿರಲಿ, ಬಿಡಿಸಿ ಬರೆದಿರಲಿ, ತಪ್ಪೇನಿಲ್ಲ. ಶಾಲೆಯಲ್ಲಿ ಒಂದು ರೀತಿ, ಆಧಾರ್‌ನಲ್ಲಿ ಇನ್ನೊಂದು ರೀತಿ ಇದ್ದರೆ ತೊಂದರೆ. ಕನ್ನಡದಲ್ಲಿ ಸರಿಯಾಗಿರುವುದು ಇಂಗ್ಲಿಷಿಗೆ ಹೋದಾಗ ಕೆಡುವುದೂ ಇದೆ. ಎಡೆಯೂರು ಸಿದ್ಧಲಿಂಗೇಶ್ವರನ ಹೆಸರಿಟ್ಟುಕೊಂಡವರು ಈ ಕಡೆ ಮನೆಗೊಬ್ಬರಂತೆ ಇದ್ದಾರೆ. ಆ ‘ದ್ಧ’ಕ್ಕೆ ಒಬ್ಬರು ಎರಡು ‘ಡಿ’ ಹಾಕುತ್ತಾರೆ, ಇನ್ನೊಬ್ಬರು ಕೊನೆಗೊಂದು ‘ಎಚ್’ ಸೇರಿಸುತ್ತಾರೆ. ಲಕ್ಷ್ಮಿಗೆ ಕೆಲವರು ‘ಎಕ್ಸ್’, ಕೆಲವರು ‘ಕೆಎಸ್‌ಎಚ್’. ಪಹಣಿಯಲ್ಲಿ ಒಂದು, ಆಧಾರ್‌ನಲ್ಲಿ ಒಂದು ಹೆಸರಿದ್ದು ತಾವೇ ಕಚೇರಿಗೆ ಅಲೆದ ಅಪ್ಪಂದಿರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹೆಸರು, ತಾರೀಖಿನ ತಿದ್ದುಪಡಿಗೆ ಆಧಾರ್‌ನಲ್ಲಿ ಲೆಕ್ಕವಿದೆ. ಹೆಸರನ್ನು ಜೀವಮಾನದಲ್ಲಿ ಎರಡು ಸಲ, ಜನ್ಮದಿನಾಂಕವನ್ನು ಒಂದೇ ಸಲ ತಿದ್ದಿಸಬಹುದು. ಹಾಗಾಗಿ ‘ಸದ್ಯಕ್ಕೆ ಹೀಗಿರಲಿ, ಆಮೇಲೆ ನೋಡೋಣ’ ಎಂದು ತಾತ್ಕಾಲಿಕಕ್ಕೆ ತಿದ್ದಿಸುವುದು ಬೇಡ. ಜನನ ಪ್ರಮಾಣಪತ್ರದಲ್ಲಿ ಹೆಸರು ಸೇರಿಸಿ, ಅದನ್ನು ಶಾಲೆಗೆ ಕೊಟ್ಟು ದಾಖಲಾತಿ ಪುಸ್ತಕದಲ್ಲೂ, ಸ್ಯಾಟ್ಸ್ ಎಂದು ಕರೆಯುವ ಶಾಲಾ ಕಂಪ್ಯೂಟರ್ ದಾಖಲೆಯಲ್ಲೂ ಹೊಂದಿಸಿ, ಅದೇ ಕಾಗದವನ್ನು ಹಿಡಿದು ಆಧಾರ್ ಕೇಂದ್ರಕ್ಕೆ ಹೋಗಬೇಕು. ಮಗುವಿಗೆ 15 ತುಂಬಿದಾಗ ಬೆರಳಚ್ಚು, ಕಣ್ಣಿನ ಗುರುತು ಹೊಸದಾಗಿ ಕೊಡಲು ಹೇಗೂ ಅಲ್ಲಿಗೆ ಹೋಗಲೇಬೇಕಿದೆ. 17 ತುಂಬುವುದರೊಳಗೆ ಮಾಡಿಸಿದರೆ ಅದಕ್ಕೆ ಹಣವಿಲ್ಲ. ಐದು ವರ್ಷದಲ್ಲಿ ಕೊಟ್ಟ ಎಳೆಯ ಬೆರಳಿನ ಗುರುತು ಹದಿನೈದರ ಹುಡುಗನಿಗೆ ಹೊಂದದೆ ಹೋದರೆ ಯಂತ್ರದ ತಪ್ಪಲ್ಲ.

ಆಧಾರ್ ಇರುವಾಗ ಜನನ ಪ್ರಮಾಣಪತ್ರವನ್ನೇ ಏಕೆ ಮೂಲವಾಗಿ ಹಿಡಿಯಬೇಕು ಎಂದು ಕೇಳುವವರಿಗೆ ಸುಪ್ರೀಂ ಕೋರ್ಟ್ ಒಂದು ಉತ್ತರ ಕೊಟ್ಟಿದೆ. ಅಪಘಾತ ಪರಿಹಾರದ ಮೊಕದ್ದಮೆಯೊಂದರಲ್ಲಿ 2024ರ ಅಕ್ಟೋಬರ್‌ನಲ್ಲಿ ಮೃತರ ವಯಸ್ಸು ನಿರ್ಧರಿಸುವಾಗ ಆಧಾರ್‌ನ ತಾರೀಖನ್ನು ಬಿಟ್ಟು ಶಾಲಾ ವರ್ಗಾವಣೆ ಪತ್ರದ ತಾರೀಖನ್ನು ಅದು ಒಪ್ಪಿತು. ಆಧಾರ್ ಇಂಥವರು ಇವರೇ ಎಂದು ಹೇಳುತ್ತದೆ, ಎಂದು ಹುಟ್ಟಿದರು ಎಂಬುದಕ್ಕೆ ಅದು ಸಾಕ್ಷಿಯಲ್ಲ.

ಅಮ್ಮನ ಸಹಿ ಸಾಕೇ?

ಈಗ ಬ್ಯಾಂಕಿನ ಬಾಗಿಲಿಗೆ ಬರೋಣ. ಯಾವ ವಯಸ್ಸಿನ ಮಗುವಿಗಾದರೂ ಪೋಷಕರ ಮೂಲಕ ಖಾತೆ ತೆಗೆಯಬಹುದು. ಹತ್ತು ವರ್ಷ ತುಂಬಿದ ಮಕ್ಕಳು ಬೇಕೆಂದರೆ ತಾವೇ ಖಾತೆ ತೆರೆದು ತಾವೇ ನಡೆಸಬಹುದು ಎಂದು ರಿಸರ್ವ್ ಬ್ಯಾಂಕ್ 2014ರ ಮೇಯಲ್ಲಿ ಹೇಳಿತು. 2025ರ ಏಪ್ರಿಲ್‌ನಲ್ಲಿ ಆ ನಿಯಮಗಳನ್ನು ಮತ್ತೆ ಪರಿಷ್ಕರಿಸಿತು. ಎಷ್ಟು ಹಣದವರೆಗೆ, ಎಟಿಎಂ ಕಾರ್ಡು ಕೊಡಬೇಕೇ ಬೇಡವೇ ಎಂಬುದನ್ನು ಆಯಾ ಬ್ಯಾಂಕು ನಿರ್ಧರಿಸುತ್ತದೆ. ಸ್ಟೇಟ್ ಬ್ಯಾಂಕಿನಲ್ಲಿ ತಂದೆ ಅಥವಾ ತಾಯಿಯ ಜೊತೆ ಸೇರಿ ತೆರೆಯುವ ಖಾತೆಗೆ ‘ಪೆಹಲಾ ಕದಮ್’ ಎಂದು, ಹತ್ತು ದಾಟಿ ಒಂದೇ ರೀತಿ ಸಹಿ ಮಾಡಬಲ್ಲ ಮಕ್ಕಳು ಸ್ವತಃ ನಡೆಸುವ ಖಾತೆಗೆ ‘ಪೆಹಲಿ ಉಡಾನ್’ ಎಂದು ಹೆಸರು. ಅಂಚೆ ಕಚೇರಿಯಲ್ಲೂ ಹತ್ತು ದಾಟಿದವರಿಗೆ ಸ್ವಂತ ಖಾತೆಯ ಅವಕಾಶವಿದೆ. 500 ರೂಪಾಯಿ ಇಟ್ಟು ತೆರೆಯಬೇಕು.

ಮಗುವೇ ನಡೆಸುವುದಾದರೆ ಮಗುವಿನ ಗುರುತಿನ ದಾಖಲೆ ಬೇಕು. ಪೋಷಕರು ನಡೆಸುವುದಾದರೆ ಪೋಷಕರ ಗುರುತು ಮತ್ತು ಮಗುವಿನ ವಯಸ್ಸಿನ ದಾಖಲೆ. ಇಲ್ಲಿ ಕೆಲವು ಕಡೆ ಒಂದು ಹಳೆಯ ತಕರಾರು ಏಳುತ್ತದೆ: ‘ತಾಯಿ ಬಂದರೆ ಆಗೋದಿಲ್ಲ, ತಂದೆಯನ್ನೇ ಕರೆದುಕೊಂಡು ಬನ್ನಿ.’ ಗಂಡ ಬೆಂಗಳೂರಿನಲ್ಲಿ ದುಡಿಯುತ್ತಿರುವ, ಇಲ್ಲವೇ ಗಂಡನಿಂದ ಬೇರೆಯಾಗಿರುವ ಹೆಂಗಸರು ಇದನ್ನು ಕೇಳಿಸಿಕೊಂಡು ಸುಮ್ಮನೆ ಮನೆಗೆ ಹಿಂತಿರುಗುತ್ತಾರೆ. ಹಿಂತಿರುಗಬೇಕಾಗಿಲ್ಲ. 1984ರಲ್ಲಿ ಲೇಖಕಿ ಗೀತಾ ಹರಿಹರನ್ ತಮ್ಮ ಪುಟ್ಟ ಮಗನ ಹೆಸರಿನಲ್ಲಿ ರಿಸರ್ವ್ ಬ್ಯಾಂಕಿನ ಬಾಂಡಿಗೆ ತಾವೇ ಪೋಷಕಿಯಾಗಿ ಸಹಿ ಮಾಡಿ ಅರ್ಜಿ ಹಾಕಿದಾಗ, ತಂದೆಯ ಸಹಿ ಬೇಕೆಂದು ಅದು ವಾಪಸು ಬಂತು. ಅವರು ಸುಪ್ರೀಂ ಕೋರ್ಟಿಗೆ ಹೋದರು. 1956ರ ಕಾಯ್ದೆಯಲ್ಲಿ ‘ತಂದೆ, ಅವನ ನಂತರ ತಾಯಿ’ ಎಂದಿದೆ. ‘ನಂತರ’ ಎಂದರೆ ತಂದೆ ಸತ್ತ ಮೇಲೆ ಎಂದಷ್ಟೇ ಅರ್ಥವಲ್ಲ, ಮಗುವಿನ ಹೊಣೆ ಹೊರಲು ತಂದೆ ಇಲ್ಲದಿರುವಾಗ ಎಂದೂ ಅರ್ಥ ಎಂದು 1999ರ ಫೆಬ್ರುವರಿಯಲ್ಲಿ ತೀರ್ಪು ಬಂತು. ಅಂದು ಅರ್ಜಿ ಹಿಂದಿರುಗಿಸಿದ್ದ ಅದೇ ರಿಸರ್ವ್ ಬ್ಯಾಂಕ್, ತಾಯಿ ಪೋಷಕಿಯಾಗಿ ಮಕ್ಕಳ ಖಾತೆ ತೆರೆಯಬಹುದೆಂದು ತನ್ನ 2025ರ ನಿಯಮದಲ್ಲಿ ಸ್ಪಷ್ಟವಾಗಿ ಬರೆದಿದೆ. ತಾಯಿಯ ಆಧಾರ್, ಮಗುವಿನ ಜನನ ಪ್ರಮಾಣಪತ್ರದಲ್ಲಿ ತಾಯಿಯ ಹೆಸರು, ಇವೆರಡು ಹೊಂದಿದ್ದರೆ ಸಾಕು. ಆ ಪ್ರಮಾಣಪತ್ರದಲ್ಲಿ ತಾಯಿಯ ತವರುಮನೆಯ ಹೆಸರಿದ್ದು, ಮದುವೆಯ ನಂತರ ಬೇರೆ ಹೆಸರಾಗಿದ್ದರೆ ಅದನ್ನೂ ಈಗಲೇ ನೋಡಿಕೊಳ್ಳಬೇಕು.

ಯಾವ ಅಧಿಕೃತ ದಾಖಲೆಯೂ ಇಲ್ಲದವರನ್ನು ಬ್ಯಾಂಕು ಹಾಗೇ ಕಳಿಸುವಂತಿಲ್ಲ. ಫೋಟೊ ಕೊಟ್ಟು, ಬ್ಯಾಂಕ್ ಅಧಿಕಾರಿಯ ಎದುರೇ ಸಹಿ ಅಥವಾ ಹೆಬ್ಬೆಟ್ಟು ಹಾಕಿ ‘ಸಣ್ಣ ಖಾತೆ’ ತೆರೆಯಬಹುದು. ವರ್ಷಕ್ಕೆ ಒಂದು ಲಕ್ಷಕ್ಕಿಂತ ಹೆಚ್ಚು ಜಮಾ ಆಗಬಾರದು, ತಿಂಗಳಿಗೆ ಹತ್ತು ಸಾವಿರಕ್ಕಿಂತ ಹೆಚ್ಚು ತೆಗೆಯಬಾರದು, ಯಾವಾಗಲೂ ಐವತ್ತು ಸಾವಿರಕ್ಕಿಂತ ಹೆಚ್ಚು ಉಳಿದಿರಬಾರದು. ಮೊದಲು ಒಂದು ವರ್ಷದ ಅವಧಿ. ಅಷ್ಟರೊಳಗೆ ದಾಖಲೆಗೆ ಅರ್ಜಿ ಹಾಕಿರುವುದನ್ನು ತೋರಿಸಿದರೆ ಇನ್ನೊಂದು ವರ್ಷ. ಬ್ಯಾಂಕು ಯಾವುದಕ್ಕೂ ಒಪ್ಪದಿದ್ದರೆ ಕಾರಣವನ್ನು ಬರವಣಿಗೆಯಲ್ಲಿ ಕೇಳಿ ಪಡೆಯಬಹುದು. ದೂರು ಕೊಟ್ಟ 30 ದಿನದಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಬರೆಯಬಹುದು, ಶುಲ್ಕವಿಲ್ಲ.

ಲಿಂಕ್ ಬೇರೆ, ಸೀಡಿಂಗ್ ಬೇರೆ

ವಿದ್ಯಾರ್ಥಿವೇತನದ ಹಣ ನಿಲ್ಲುವುದು ಹೆಚ್ಚಾಗಿ ಇಲ್ಲಿ. ‘ಆಧಾರ್ ಲಿಂಕ್ ಆಗಿದೆಯಲ್ಲ’ ಎನ್ನುತ್ತಾರೆ ಪೋಷಕರು. ಖಾತೆ ತೆರೆಯುವಾಗ ಬ್ಯಾಂಕಿಗೆ ಆಧಾರ್ ಕೊಟ್ಟರೆ ಬ್ಯಾಂಕಿನ ಪುಸ್ತಕದಲ್ಲಿ ಅದು ದಾಖಲಾಗುತ್ತದೆ, ಅಷ್ಟೇ. ಸರ್ಕಾರ ಕಳಿಸುವ ಹಣ ಖಾತೆ ಸಂಖ್ಯೆ ಹುಡುಕಿಕೊಂಡು ಬರುವುದಿಲ್ಲ. ಆಧಾರ್ ಸಂಖ್ಯೆ ಹಿಡಿದು ಬರುತ್ತದೆ. ಈ ಆಧಾರ್‌ನವರ ಹಣ ಯಾವ ಬ್ಯಾಂಕಿಗೆ ಹೋಗಬೇಕು ಎಂಬ ಪಟ್ಟಿಯೊಂದನ್ನು ರಾಷ್ಟ್ರೀಯ ಪಾವತಿ ನಿಗಮ ಇಟ್ಟುಕೊಂಡಿದೆ. ಆ ಪಟ್ಟಿಗೆ ಸೇರಿಸುವುದಕ್ಕೆ ಸೀಡಿಂಗ್ ಎನ್ನುತ್ತಾರೆ. ಅದಕ್ಕೆ ಬೇರೆಯಾಗಿ ಒಪ್ಪಿಗೆಯ ಅರ್ಜಿ ಕೊಡಬೇಕು. ಆ ಪಟ್ಟಿಯಲ್ಲಿ ಒಂದು ಆಧಾರ್‌ಗೆ ಒಂದೇ ಬ್ಯಾಂಕ್, ಕೊನೆಗೆ ಸೇರಿಸಿದ್ದೇ ಉಳಿಯುತ್ತದೆ. ಹುಳಿಯಾರಿನ ಬ್ಯಾಂಕಿನಲ್ಲಿ ಒಂದು ಖಾತೆ ಇದ್ದು, ಕಾಲೇಜು ಸೇರಿದ ಮೇಲೆ ತುಮಕೂರಿನ ಇನ್ನೊಂದು ಬ್ಯಾಂಕಿನಲ್ಲಿ ಖಾತೆ ತೆರೆದು ಅದಕ್ಕೆ ಸೀಡಿಂಗ್ ಮಾಡಿಸಿದರೆ ಹಣ ತುಮಕೂರಿಗೆ ಹೋಗುತ್ತದೆ. ಮಗ ಹಳೆಯ ಪಾಸ್‌ಬುಕ್ ಹಿಡಿದು ‘ಬಂದಿಲ್ಲ ಅಪ್ಪ’ ಎಂದರೆ ಸುಳ್ಳು ಹೇಳುತ್ತಿದ್ದಾನೆಂದು ಗದರಬೇಡಿ.

ತಾಯಿಯ ಜೊತೆ ಜಂಟಿ ಖಾತೆಯಾದರೆ ಸೀಡಿಂಗ್ ಆಗಬೇಕಾದದ್ದು ಮಗುವಿನ ಆಧಾರ್, ತಾಯಿಯದ್ದಲ್ಲ. ಇದು ಬ್ಯಾಂಕಿನವರ ಕೈಯಲ್ಲೂ ತಪ್ಪಬಹುದಾದ ಸಂಗತಿ, ಕೇಳಿ ನೋಡಿಕೊಳ್ಳಬೇಕು. ಮೊಬೈಲ್ ಸಂಖ್ಯೆಯೂ ಹಾಗೆಯೇ. ಆಧಾರ್‌ನಲ್ಲಿ ಅಪ್ಪನ ಹಳೆಯ ಸಿಮ್ಮಿನ ಸಂಖ್ಯೆ ಇರುತ್ತದೆ, ಆ ಸಿಮ್ಮು ಎಂದೋ ರದ್ದಾಗಿರುತ್ತದೆ, ಒಟಿಪಿ ಯಾರಿಗೋ ಹೋಗುತ್ತಿರುತ್ತದೆ.

ಇನ್ನೊಂದು ತೊಡಕು ಬ್ಯಾಂಕುಗಳೇ ತಂದದ್ದು. 1913ರಲ್ಲಿ ಮೈಸೂರು ಬ್ಯಾಂಕ್ ಎಂದು ಹುಟ್ಟಿ ಮುಂದೆ ಸ್ಟೇಟ್ ಬ್ಯಾಂಕ್ ಆಫ್ ಮೈಸೂರ್ ಆದದ್ದು 2017ರ ಏಪ್ರಿಲ್ 1ರಂದು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ಸೇರಿಹೋಯಿತು. 2019ರಲ್ಲಿ ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾಕ್ಕೆ, 2020ರಲ್ಲಿ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿಗೆ ಸೇರಿದವು. ತುಮಕೂರು ಜಿಲ್ಲೆಯದೇ ಆಗಿದ್ದ ಕಲ್ಪತರು ಗ್ರಾಮೀಣ ಬ್ಯಾಂಕಿನ ಕಥೆಯಂತೂ ಹೆಣ್ಣುಮಗಳು ಮನೆಯಿಂದ ಮನೆಗೆ ಹೋದಂತೆ: ಮೊದಲು ಕಾವೇರಿ ಕಲ್ಪತರು, ಆಮೇಲೆ ಬರಿಯ ಕಾವೇರಿ, 2019ರಲ್ಲಿ ಕರ್ನಾಟಕ ಗ್ರಾಮೀಣ ಬ್ಯಾಂಕ್, 2025ರ ಮೇ 1ರಂದು ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕನ್ನೂ ಕೂಡಿಸಿಕೊಂಡು ರಾಜ್ಯಕ್ಕೆಲ್ಲ ಒಂದೇ ಬ್ಯಾಂಕ್. ಅಣ್ಣನ ಹಳೆಯ ಪಾಸ್‌ಬುಕ್ ನೋಡಿ ಐಎಫ್‌ಎಸ್‌ಸಿ ಬರೆದರೆ ಅದು ಇಲ್ಲದ ಬ್ಯಾಂಕಿನ ವಿಳಾಸವಾಗಿರಬಹುದು.

ಖಾತೆ ತೆರೆಯುವಾಗ ಇದು ವಿದ್ಯಾರ್ಥಿವೇತನಕ್ಕಾಗಿ ಎಂದು ಅರ್ಜಿಯಲ್ಲೇ ಬರೆಸಿದರೆ ಒಂದು ಅನುಕೂಲವಿದೆ. ಸಾಮಾನ್ಯವಾಗಿ ಎರಡು ವರ್ಷ ವ್ಯವಹಾರವಿಲ್ಲದ ಖಾತೆ ನಿಷ್ಕ್ರಿಯವಾಗುತ್ತದೆ. ವಿದ್ಯಾರ್ಥಿವೇತನಕ್ಕೋ ಸರ್ಕಾರದ ನೇರ ಹಣಕ್ಕೋ ತೆರೆದ ಶೂನ್ಯ ಶಿಲ್ಕಿನ ಖಾತೆಗಳನ್ನು ಹಾಗೆ ಮಾಡಬಾರದೆಂದು ರಿಸರ್ವ್ ಬ್ಯಾಂಕ್ 2024ರ ಜನವರಿಯಲ್ಲಿ ಹೊರಡಿಸಿದ ಆದೇಶದಲ್ಲಿದೆ.

ಜೆರಾಕ್ಸ್ ಅಂಗಡಿಯ ವಿಷಯಕ್ಕೆ ಒಂದು ಮಾತು. ಆಧಾರ್‌ನ ನಾಲ್ಕು ಪ್ರತಿ ಬೇಕಾದಲ್ಲಿ ಆರು ತೆಗೆಸಿ, ಕೆಟ್ಟು ಬಂದದ್ದನ್ನು ಅಲ್ಲೇ ಬುಟ್ಟಿಗೆ ಹಾಕಿ ಬರುವ ಅಭ್ಯಾಸ ಒಳ್ಳೆಯದಲ್ಲ. ಕೊಡುವ ಪ್ರತಿಯ ಮೇಲೆ ಅಡ್ಡಲಾಗಿ ‘ಇಂಥ ಬ್ಯಾಂಕಿನ ಖಾತೆಗೆ ಮಾತ್ರ’ ಎಂದು ಬರೆದು ತಾರೀಖು ಹಾಕಬಹುದು. ಖಾತೆಯಾದ ಮೇಲೆ ‘ನಿನ್ನ ಪಾಸ್‌ಬುಕ್ಕು, ಎಟಿಎಂ ಕಾರ್ಡು ಒಂದು ತಿಂಗಳು ಕೊಡು, ಎರಡು ಸಾವಿರ ಕೊಡ್ತೀನಿ’ ಎನ್ನುವವರು ಕಾಲೇಜಿನ ಗೇಟಿನ ಬಳಿಯೂ ಸಿಗುತ್ತಾರೆ. ಮೋಸದ ಹಣವನ್ನು ದಾಟಿಸುವುದು ಇಂಥ ಬಾಡಿಗೆ ಖಾತೆಗಳಲ್ಲೇ. ಪೊಲೀಸರು ಬರುವುದು ಖಾತೆ ಯಾರ ಹೆಸರಿನಲ್ಲಿದೆಯೋ ಅವರ ಮನೆಗೆ.

ನೊಣವಿನಕೆರೆಯ ಆ ಹುಡುಗಿಯ ಮನೆಯವರು ಈ ಕ್ರಮದಲ್ಲಿ ಹೋದರೆ ಖಾತೆಯಾಗಲು ಒಂದೆರಡು ತಿಂಗಳು ಹಿಡಿಯಬಹುದು. ಅರಸೀಕೆರೆಗೆ ಒಂದು ದಿನ, ಶಾಲೆಗೆ ಒಂದು ದಿನ, ಆಧಾರ್ ಕೇಂದ್ರದ ಸಾಲಿನಲ್ಲಿ ಒಂದು ದಿನ. ತೀರಾ ತುರ್ತಾದರೆ ಆಧಾರ್ ಈಗಿರುವಂತೆಯೇ ಖಾತೆ ತೆರೆದು, ತಿದ್ದುಪಡಿಯಾದ ಕೂಡಲೇ ಹೊಸ ಆಧಾರ್ ಕೊಟ್ಟು ಬ್ಯಾಂಕಿನಲ್ಲೂ ಹೆಸರು ಬದಲಿಸಿಕೊಳ್ಳಬಹುದು. ಬದಲಿಸಲು ಮರೆಯಬಾರದು, ಅಷ್ಟೇ. 18 ತುಂಬಿದ ದಿನದಿಂದ ಪೋಷಕರ ಸಹಿ ಆ ಖಾತೆಗೆ ನಡೆಯುವುದಿಲ್ಲ. ಅವಳೇ ಬ್ಯಾಂಕಿಗೆ ಹೋಗಿ ಗುರುತಿನ ದಾಖಲೆ ತೋರಿಸಿ, ಉಳಿದಿರುವ ಹಣ ಸರಿಯೆಂದು ಒಪ್ಪಿ, ಮಾದರಿ ಸಹಿ ಕೊಡಬೇಕು. ಸಹಿ ಕನ್ನಡದಲ್ಲೂ ಇರಬಹುದು. ಒಂಬತ್ತನೆಯ ತರಗತಿಯಲ್ಲಿ ಗುಂಡಗೆ ಬಿಡಿಬಿಡಿಯಾಗಿ ಬರೆದ ಹೆಸರು ಆ ವೇಳೆಗೆ ಬೇರೆ ರೂಪ ಪಡೆದಿದ್ದರೂ ಚಿಂತೆಯಿಲ್ಲ, ಹೊಸ ಸಹಿಯನ್ನೇ ಹಾಕಿ ಬರಬಹುದು.